ಬ್ರಸೆಲ್ಸಿನ ಬಟಾಟೆ

ರಾಮದಾಸರು ಬ್ರಸೆಲ್ಸಿನಿಂದ ಬಂದ ಮೇಲೆ ಕೊಚ್ಚಿಯ ಪಾಲಾರಿವಟ್ಟದ ಅವರ ಮನೆಗೆ ಯಾರು ಕಾಲಿಟ್ಟರೂ ಬಟಾಟೆಯ ಕಥೆ ಕೇಳದೆ ಮರಳುವಂತಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ಕೂಡ ಅರ್ಧ ಕೇಳಿ, ಉಳಿದರ್ಧಕ್ಕೆ ಹೆದರಿ ಮೆಟ್ಟಿಲಿಳಿದಿದ್ದ. ಕಥೆ ಏನೂ ದೊಡ್ಡದಲ್ಲ. ಮೆಣಸು ಏಲಕ್ಕಿಗಳ ರಫ್ತನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಕಚೇರಿಯಲ್ಲಿ ಅವರು ಅಧಿಕಾರಿ. ಆ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ಬ್ರಸೆಲ್ಸಿನ ಒಂದು ವ್ಯಾಪಾರ ಮೇಳಕ್ಕೆ ಕಚೇರಿ ಅವರನ್ನು ಕಳಿಸಿತು. ಹೆಂಡತಿ ವಿಜಯಾಳನ್ನೂ ಸ್ವಂತ ಖರ್ಚಿನಲ್ಲಿ ಕರೆದುಕೊಂಡು ಹೋದರು. ಜೊತೆಗೆ ಬಂದವರೆಲ್ಲ ಸಿಕ್ಕಿದ್ದನ್ನು ತಿಂದರಂತೆ. ಕಾಸರಗೋಡಿನ ಈ ಬ್ರಾಹ್ಮಣ ಮಾತ್ರ ಅಷ್ಟೂ ದಿನ ಕರಿದ ಬಟಾಟೆ ತಿಂದು, ಆಚಾರ ಉಳಿಸಿಕೊಂಡು ನೆಡುಂಬಾಶೇರಿಯ ವಿಮಾನ ನಿಲ್ದಾಣದಲ್ಲಿ ಇಳಿದರಂತೆ. "ಬಟಾಟೆಗೆ ಜಾತಿ ಇಲ್ಲ ನೋಡಿ, ಎಲ್ಲಿ ಹೋದ್ರೂ ಅದು ಬಟಾಟೆಯೇ" ಎಂಬಲ್ಲಿಗೆ ಕಥೆ ಮುಗಿಯುತ್ತಿತ್ತು.

ಆ ಮಾತು ಬರುವ ಮೊದಲೇ ವಿಜಯಾ ಎದ್ದು ಒಳಗೆ ಹೋಗುತ್ತಿದ್ದಳು. ಒಳಗೆ ಹೋದರೂ ಮಾಡಲು ಕೆಲಸವೇನೂ ಇರುತ್ತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವುದು, ಡಬ್ಬಿಗಳನ್ನು ಇಳಿಸಿ ಮತ್ತೆ ಏರಿಸುವುದು. ಬ್ರಸೆಲ್ಸಿನಿಂದ ಬಂದ ಮೇಲೆ ಅವಳ ಕೈಯಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಒಲೆಯ ಎದುರೇ ನಿಂತಿದ್ದರೂ ಹಾಲು ಉಕ್ಕಿ ಹೋಗುತ್ತಿತ್ತು. ಒಂದು ದಿನ ಸೀರೆಯ ಫಾಲ್ ತರಲೆಂದು ವೈಟ್ಟಿಲಕ್ಕೆ ಹೊರಟವಳು ಇಳಿಯುವುದನ್ನೇ ಮರೆತು, ಅದೇ ಬಸ್ಸಿನಲ್ಲಿ ಎಲ್ಲಿಗೋ ಹೋಗಿ, ಏನನ್ನೂ ತಾರದೆ ಮನೆಗೆ ಬಂದಳು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗಲಿಕ್ಕೂ ಆಗುತ್ತಿರಲಿಲ್ಲ, ಉಗುಳಲಿಕ್ಕೂ ಆಗುತ್ತಿರಲಿಲ್ಲ.

ಗಂಡನ ಕಥೆಯಲ್ಲಿ ಇಲ್ಲದ ಒಂದು ಭಾಗ ಅವಳಿಗೆ ಗೊತ್ತಿತ್ತು.

ಬ್ರಸೆಲ್ಸಿನಲ್ಲಿ ಅವರಿದ್ದ ಹೋಟೆಲಿನ ಎದುರಿಗೆ ಒಂದು ಚೌಕ, ಅದರ ಮೂಲೆಯಲ್ಲಿ ಒಂದು ಗೂಡಂಗಡಿ. ಅಲ್ಲಿ ಮಾರುವುದು ಒಂದೇ ವಸ್ತು: ಬೆರಳುದ್ದ ಕತ್ತರಿಸಿ ಎರಡು ಸಲ ಕರಿದ ಬಟಾಟೆ. ಕಡಲೆ ಪೊಟ್ಟಣದ ಹಾಗೆ ಕಾಗದ ಸುತ್ತಿ, ಬಟಾಟೆ ತುಂಬಿ, ಕೇಳಿದ ಸಾಸನ್ನು ಮೇಲಿಂದ ಸುರಿದು, ಮರದ ಪುಟ್ಟ ಫೋರ್ಕ್ ಚುಚ್ಚಿ ಕೊಡುತ್ತಿದ್ದರು. ಕೋಟು ತೊಟ್ಟ ಗಂಡಸರು, ನಾಯಿ ಹಿಡಿದ ಅಜ್ಜಿಯರು ಎಲ್ಲರೂ ಚಳಿಯಲ್ಲಿ ಸಾಲು ನಿಂತು ಕೊಂಡು ನಿಂತೇ ತಿನ್ನುತ್ತಿದ್ದರು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ವಿಜಯಾ ಜೀವಮಾನದಲ್ಲಿ ಎಷ್ಟೋ ಬಟಾಟೆ ಕರಿದಿದ್ದಳು. ಹೀಗೆ ಒಂದು ದಿನವೂ ಆಗಿರಲಿಲ್ಲ.

ಮೊದಲ ದಿನ ರಾಮದಾಸರು ಅಂಗಡಿಯವನನ್ನು ಸಾಕ್ಷಿಕಟ್ಟೆಗೆ ಹತ್ತಿಸಿದ ಹಾಗೆ ವಿಚಾರಿಸಿದ್ದರು. ಆ ಬಿಳಿ ಸಾಸಿನಲ್ಲಿ ಮೊಟ್ಟೆ ಉಂಟೋ? ಉಂಟು. ಹಾಗಾದರೆ ಅದು ಬೇಡ. ಕೆಂಪಿನಲ್ಲಿ? ಇಲ್ಲ. ಬಟಾಟೆಗೆ ಬೇರೆ ಏನಾದರೂ ಸೇರಿಸುವುದುಂಟೋ? ಉಪ್ಪು ಮಾತ್ರ. ಎಲ್ಲ ಕೇಳಿದ ಅಧಿಕಾರಿ ಎಣ್ಣೆ ಯಾವುದೆಂದು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಹೊಳೆಯುವುದಾದರೂ ಹೇಗೆ? ಎಣ್ಣೆ ಎಂದರೆ ಕೊಬ್ಬರಿಯಿಂದ ಬರುವುದು, ಎಳ್ಳಿನಿಂದ ಬರುವುದು, ಹೆಚ್ಚೆಂದರೆ ನೆಲಗಡಲೆಯಿಂದ. ಕರಿಯುವ ಬಾಣಲೆಗೆ ಗಾಣದ ಹೊರಗಿನದು ಏನಾದರೂ ಬೀಳಬಹುದೆಂದು ಅವರ ಏಳು ತಲೆಮಾರಿನಲ್ಲಿ ಯಾರೂ ಯೋಚಿಸಿರಲಿಲ್ಲ. ಕೆಂಪು ಸಾಸನ್ನೂ ಪೂರ್ತಿ ನಂಬದೆ, ವಿಜಯಾಳ ಕೈಚೀಲದಿಂದ ಚಟ್ನಿಪುಡಿ ತೆಗೆಸಿ, ಉದುರಿಸಿಕೊಂಡು ತಿಂದರು.

ವಿಜಯಾ ಚಟ್ನಿಪುಡಿ ತಿನ್ನಲು ಅಷ್ಟು ದೂರ ಹೋದವಳಲ್ಲ. ಕಚೇರಿಯ ಹುಟ್ಟುಹಬ್ಬಗಳಲ್ಲಿ ತಿನ್ನುವ ಕೇಕಿನಲ್ಲೂ ಮೊಟ್ಟೆ ಇರುತ್ತದಲ್ಲ ಎಂದು ಗಂಡನ ಬಾಯಿ ಮುಚ್ಚಿಸಿ, ದಿನಕ್ಕೊಂದು ಸಾಸು ಹಾಕಿಸಿಕೊಂಡಳು. ಒಂದು ದಿನ ಬಿಳಿ ಮಯೋನೀಸ್, ಒಂದು ದಿನ ಸೌತೆ ಉಪ್ಪಿನಕಾಯಿ ಕೊಚ್ಚಿ ಹಾಕಿದ ಹುಳಿ ಸಾಸು. ಇನ್ನೊಂದು ದಿನ ಕಿತ್ತಳೆ ಬಣ್ಣದ್ದು. ಅದರ ಹೆಸರು ಸಮುರಾಯ್, ಖಾರ ಮಾತ್ರ ನಮ್ಮ ಗಾಂಧಾರಿ ಮೆಣಸಿನ ಮುಂದೆ ಹಸುಗೂಸು. ಗಂಡ ಮುಖ ತಿರುಗಿಸಿಕೊಂಡು ತಿನ್ನುತ್ತಿದ್ದರು. ಅವಳು ಬೆರಳು ಚೀಪಿಕೊಂಡು ತಿನ್ನುತ್ತಿದ್ದಳು. ಬಹಳ ಸುಖವಾಗಿತ್ತು.

ನಡುವೆ ಒಂದು ದಿನ ರಾಮದಾಸರು ಮೇಳಕ್ಕೆ ಹೋದಾಗ ಅವಳು ಒಬ್ಬಳೇ ಚೌಕಕ್ಕೆ ಬಂದಳು. ಅಂಗಡಿ ಇನ್ನೂ ತೆರೆದಿರಲಿಲ್ಲ, ಹಿಂದಿನ ಬಾಗಿಲು ಮಾತ್ರ ತೆರೆದಿತ್ತು. ಒಬ್ಬ ಹೆಂಗಸು ಡಾಲ್ಡಾದಂಥ ಬಿಳಿ ಗಟ್ಟಿಗಳನ್ನು ಕಾಗದ ಬಿಡಿಸಿ ಬಾಣಲೆಗೆ ಹಾಕುತ್ತಿದ್ದಳು. ಕಾಗದದ ಮೇಲೆ ಕೊಂಬಿನ ಎತ್ತಿನ ಮುಖ. ವಿಜಯಾ ಹೋಟೆಲಿಗೆ ಮರಳಿ ಮೇಜಿನ ಹಿಂದೆ ಕೂತಿದ್ದ ಹುಡುಗಿಯನ್ನು ಕೇಳಿದಳು. ಆ ಹುಡುಗಿ ತುಂಬ ಅಭಿಮಾನದಿಂದ ಹೇಳಿದಳು, ಅದು ದನದ ಕೊಬ್ಬು, ರುಚಿಯ ಗುಟ್ಟೇ ಅದು, ಎಣ್ಣೆಯಲ್ಲಿ ಕರಿದದ್ದನ್ನು ನಮ್ಮ ಅಜ್ಜ ಮೂಸಿಯೂ ನೋಡುವುದಿಲ್ಲ.

ಶಾಸ್ತ್ರ ಹೇಳಿ ಬದನೆಕಾಯಿ ತಿಂದವರ ಗಾದೆ ವಿಜಯಾಳಿಗೆ ಗೊತ್ತಿತ್ತು. ಇದು ಬದನೆಕಾಯಿಯೂ ಅಲ್ಲ.

ಸಂಜೆ ರಾಮದಾಸರು ನಡುಗುತ್ತ, ಹಸಿದು ಬಂದು ನೇರ ಆ ಸಾಲಿಗೇ ಕರೆದುಕೊಂಡು ಹೋದರು. ಹೇಳಬೇಕೆಂದು ಅವಳು ಬಾಯಿ ತೆರೆದದ್ದು ನಿಜ. ಹೇಳಿದರೆ ಈ ಮನುಷ್ಯ ಉಳಿದ ದಿನವೆಲ್ಲ ಬರೀ ಅವಲಕ್ಕಿ ತಿಂದು ಸಾಯುತ್ತಾರೆ ಎಂದು ಮುಚ್ಚಿದಳು. ಅದೊಂದೇ ಕಾರಣವಲ್ಲ. ಮಗಳು ನವ್ಯಾಳ ನೆನಪಾಗಿ ಹೊಟ್ಟೆಯೊಳಗಿನಿಂದ ಒಂದು ಸಿಟ್ಟು ಎದ್ದು ಬಂದಿತ್ತು. ತಿನ್ನಲಿ, ಇನ್ನೂ ಒಂದು ಪೊಟ್ಟಣ ತಿನ್ನಲಿ ಎಂದುಕೊಂಡಳು. ತನಗೂ ಒಂದು ತೆಗೆದುಕೊಂಡು ತಿಂದಳು. ಮರುದಿನವೂ ತಿಂದಳು. ಊರಿಗೆ ಹೊರಡುವ ದಿನದವರೆಗೂ ತಿಂದಳು.

ನವ್ಯಾ ಅವರ ಒಬ್ಬಳೇ ಮಗಳು. ತಿರುವನಂತಪುರದ ವಂಚಿಯೂರು ಕೋರ್ಟಿನಲ್ಲಿ ವಿನ್ಸೆಂಟ್ ಎಂಬ ವಕೀಲರ ಜೂನಿಯರ್ ಆಗಿ, ಹೆಂಗಸರ ಹಾಸ್ಟೆಲಿನಲ್ಲಿದ್ದಳು. ಹಿಂದಿನ ವರ್ಷದ ಕ್ರಿಸ್ಮಸಿಗೆ ವಿನ್ಸೆಂಟರ ಮನೆಯಲ್ಲಿ ಬೇಯಿಸಿದ ಮರಗೆಣಸಿನ ಜೊತೆ ಬೀಫ್ ಬಡಿಸಿದರು. ಅವಳು ತಿಂದಳು. ತಿಂದು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೊಚ್ಚಿಗೆ ಬಂದವಳು ಊಟಕ್ಕೆ ಕೂತಾಗ, ಬೇರೆಯವರು ಹೇಳುವುದಕ್ಕಿಂತ ತಾನೇ ಹೇಳುವುದು ಮೇಲು ಎಂದು ಅಪ್ಪನಿಗೆ ಹೇಳಿಬಿಟ್ಟಳು. ರಾಮದಾಸರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅರ್ಧ ಊಟದಲ್ಲಿ ಕೈತೊಳೆದು ಎದ್ದರು. ಅಂದಿನಿಂದ ಅವಳು ಮುಟ್ಟಿದ ಪಾತ್ರೆಯದ್ದನ್ನು ಅವರು ಉಣ್ಣಲಿಲ್ಲ. ನೀರು ತಂದಿಟ್ಟರೆ ಲೋಟ ಹಾಗೇ ಇರುತ್ತಿತ್ತು. ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು. ಎರಡು ಸಲ ಬಂದು ಇದನ್ನು ನೋಡಿದ ಹುಡುಗಿ ಆಮೇಲೆ ಬರುವುದನ್ನೇ ನಿಲ್ಲಿಸಿದಳು.

ರಾಮದಾಸರ ತಂದೆಯ ತಿಥಿ ಪ್ರತಿವರ್ಷ ತಿರುವನಂತಪುರದಲ್ಲೇ ನಡೆಯುತ್ತಿತ್ತು. ಅಲ್ಲಿ ಕೋಟೆಯೊಳಗಿನ ಬೀದಿಯಲ್ಲಿ ವಿಠಲ ಭಟ್ಟರೆಂಬ ಕಾಸರಗೋಡಿನವರೇ ಪುರೋಹಿತರಿದ್ದರು. ಅವರ ಮನೆಯಲ್ಲೇ ಕಾರ್ಯ, ಅವರ ಹೆಂಡತಿ ಕಮಲಮ್ಮನದೇ ಅಡುಗೆ. ಹಿಂದಿನ ತಿಥಿಯ ದಿನ ನವ್ಯಾ ಅಲ್ಲಿಂದ ನಡೆದು ಬರುವಷ್ಟು ಹತ್ತಿರದಲ್ಲಿದ್ದಳು. ಅಪ್ಪ ಕರೆಯಲಿಲ್ಲ. ಅಜ್ಜನ ತೊಡೆಯ ಮೇಲೆ ಬೆಳೆದ ಮಗು ಅಂದು ಹಾಸ್ಟೆಲಿನ ಮೆಸ್ಸಿನಲ್ಲಿ ಉಂಡಿತು. ಈ ವರ್ಷದ ತಿಥಿ ಬಂದೇ ಬಿಟ್ಟಿತ್ತು. ಈ ಸಲ ಮಗಳು ಎಲೆಯ ಮುಂದೆ ಕೂರಬೇಕು, ಅದಕ್ಕಿಂತ ಹೆಚ್ಚಿನದು ವಿಜಯಾಳಿಗೆ ಬೇಕಿರಲಿಲ್ಲ.

ಹೊರಡುವ ಹಿಂದಿನ ದಿನ ಅವಳು ಹಿನ್ನೀರ ದಂಡೆಯ ಮರೀನ್ ಡ್ರೈವಿಗೆ ಹೋಗಿ, ಕೂರಲಾರದೆ ಅತ್ತಿಂದಿತ್ತ ನಡೆಯುತ್ತ, ಮೊಬೈಲಿನಲ್ಲಿ ನವ್ಯಾಳಿಗೆ ಎಲ್ಲವನ್ನೂ ಹೇಳಿದಳು. ನವ್ಯಾ ಮೊದಲು ನಕ್ಕಳು. ಚಟ್ನಿಪುಡಿಯ ಮಾತು ಬಂದಾಗ ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. ಚಿಕ್ಕಂದಿನಿಂದಲೂ ಅವಳಿಗೆ ಅವಸರದ ಮಾತು ಬರುವುದು ಮಲಯಾಳದಲ್ಲೇ.

"ವೇಣ್ಡ ಅಮ್ಮಾ, ಅಪ್ಪನೋಡ್ ಪರಯಣ್ಡ" ಅಂದಳು. ಹೇಳಬೇಡ ಎಂದರೆ ಯಾಕೆ ಎಂದು ವಿಜಯಾ ರೇಗಿದಳು. ಆಗ ಮಗಳು ತಡೆದು ತಡೆದು ಕನ್ನಡದಲ್ಲಿ ಹೇಳಿದಳು: "ತಾನೂ ತಿಂದಿದ್ದೇನೆ ಅಂತ ಅಪ್ಪ ನನ್ನನ್ನು ಸೇರಿಸಿಕೊಳ್ಳುವುದಾದ್ರೆ ನನಗೆ ಅದು ಬೇಡ. ಮಗಳು ಅಂತ ಕರೆದ್ರೆ ಬರ್ತೇನೆ."

ವಕೀಲಿಕೆ ಓದಿಸಬಾರದಿತ್ತು ಎಂದುಕೊಂಡಳು ವಿಜಯಾ. ಫೋನಿಟ್ಟ ಮೇಲೆ ಅವಳ ಚಡಪಡಿಕೆ ಇಮ್ಮಡಿಯಾಯಿತು. ಕೈಯಲ್ಲಿ ಅಸ್ತ್ರ ಉಂಟು, ಬಿಡಬೇಡ ಎನ್ನುತ್ತಾಳೆ ಯಾರಿಗಾಗಿ ಬಿಡಬೇಕೋ ಅವಳೇ.

ಬೆಳಗಿನ ರೈಲಿನಲ್ಲಿ ಎರ್ನಾಕುಳದಿಂದ ಹೊರಟರು. ಮರುದಿನ ತಿಥಿ, ಹಾಗಾಗಿ ರಾಮದಾಸರಿಗೆ ಆ ದಿನ ಒಪ್ಪತ್ತು. ಒಂದೇ ಊಟ, ಅದೂ ಭಟ್ಟರ ಮನೆಯಲ್ಲಿ. ಹಸಿವಿನ ಹೊಟ್ಟೆಗೆ ಮಾತು ಹೆಚ್ಚು. ಎದುರಿನ ಸೀಟಿನಲ್ಲಿದ್ದ ಬ್ಯಾಂಕಿನ ಮನುಷ್ಯನಿಗೆ ಕೊಟ್ಟಾಯಂ ದಾಟುವಷ್ಟರಲ್ಲಿ ಬ್ರಸೆಲ್ಸ್ ಶುರುವಾಯಿತು. ಪಾಪ, ಆತ ಕೊಲ್ಲಂವರೆಗೂ ತಲೆಯಾಡಿಸಿದ. ವಿಜಯಾ ಎದ್ದು ಬಾಗಿಲ ಬಳಿ ಹೋಗಿ ನಿಂತಳು, ಬಂದು ಕೂತಳು, ಮತ್ತೆ ಎದ್ದಳು. ಕೂತರೆ ಬೆಂಚು ಚುಚ್ಚುತ್ತಿತ್ತು. ಆತ ಇಳಿದು ಹೋದ ಮೇಲೆ ರಾಮದಾಸರು, ಈಗಿನ ಮಕ್ಕಳಿಗೆ ಇಂಥ ನಿಷ್ಠೆ ಎಲ್ಲಿ ಬರಬೇಕು ಎಂದು ಕಿಟಕಿಯ ಕಡೆ ನೋಡಿಕೊಂಡು ಅಂದರು. ಅದೊಂದು ಮಾತು ಹೇಳದಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ.

"ಅದು ದನದ ಕೊಬ್ಬು" ಅಂದಳು.

"ಯಾವುದು?"

"ಬಟಾಟೆ ಕರಿದದ್ದು. ಎಣ್ಣೆ ಅಲ್ಲ ಅದು. ಹೋಟೆಲಿನ ಹುಡುಗಿ ಹೇಳಿದ್ಲು. ಅದರ ಕಾಗದ ನಾನೇ ನೋಡಿದ್ದೇನೆ."

ರಾಮದಾಸರು ಎದ್ದು ಹೋಗಿ ತುಂಬ ಹೊತ್ತು ಬಾಯಿ ಮುಕ್ಕಳಿಸಿದರು, ತಿಂದು ತಿಂಗಳಾದ ಮೇಲೆ. ಮರಳಿ ಬಂದಾಗ ಅಂಗಿಯ ಎದೆಯೆಲ್ಲ ಒದ್ದೆ. ಅಂಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಅದನ್ನೇ ನೋಡುತ್ತ ಕೂತರು. ಯಾವಾಗ ನೋಡಿದೆ ಎಂದು ಅವರು ಕೇಳಲಿಲ್ಲ. ವಿಜಯಾಳಿಗೆ ಅವರ ಮೇಲೆ ವಿಪರೀತ ಕನಿಕರ ಬಂತು, ಉಳಿದರ್ಧವನ್ನು ಹೇಳಲು ಆಗಲಿಲ್ಲ. ವರ್ಕಲ ಬಂತು, ಹೋಯಿತು.

ಭಟ್ಟರ ಮನೆ ಮುಟ್ಟಿದವರೇ ರಾಮದಾಸರು ಚೀಲ ಕೆಳಗಿಡುವ ಮೊದಲು ವಿಷಯ ಹೇಳಿದರು. ವಿಠಲ ಭಟ್ಟರು ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು ಬಂದು ಒಂದೇ ಪ್ರಶ್ನೆ ಕೇಳಿದರು.

"ಗೊತ್ತಿದ್ದು ತಿಂದದ್ದೋ, ಗೊತ್ತಿಲ್ಲದೆಯೋ?"

"ದೇವರಾಣೆ ಗೊತ್ತಿರಲಿಲ್ಲ ಭಟ್ರೇ."

ಹಾಗಾದರೆ ತಲೆ ಕೆಡಿಸಿಕೊಳ್ಳುವಂಥದ್ದಲ್ಲ ಎಂದರು ಭಟ್ಟರು. ಬಾವಿಕಟ್ಟೆಯಲ್ಲಿ ಸ್ನಾನ, ಹೊಸ ಜನಿವಾರ, ಒಂದಿಷ್ಟು ಗಾಯತ್ರಿ, ಕೊನೆಗೆ ಪಂಚಗವ್ಯ. ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ. ದನದಿಂದ ಬಂದ ದೋಷವನ್ನು ದನವೇ ತೊಳೆಯುವ ಏರ್ಪಾಡು. ಊಟದ ಹೊತ್ತಿಗೆ ಎಲ್ಲ ಮುಗಿದೇ ಹೋಯಿತು. ರಾಮದಾಸರ ಮುಖಕ್ಕೆ ಬಣ್ಣ ಮರಳಿತು. ಉಂಡು ಎದ್ದು, ನಾಳೆಯ ಪಾಯಸ ಯಾವುದೆಂದು ಕಮಲಮ್ಮನನ್ನು ಕೇಳಿದರು. ತಿಥಿಯ ಅಡುಗೆಗೆ ಬಟಾಟೆ ನಿಷಿದ್ಧ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ ಎಂದು ನಗೆಯಾಡುವಷ್ಟು ಹಗುರಾದರು.

ವಿಜಯಾಳಿಗೆ ಆ ನಗೆ ತಡೆಯಲಾಗಲಿಲ್ಲ. ಇಷ್ಟೇ ಸುಲಭವೇ? ಮಗಳನ್ನು ಅಷ್ಟು ಕಾಲ ಹೊರಗಿಟ್ಟ ಮಹಾಪಾಪ ಇವರಿಗೆ ಬಂದಾಗ ಒಂದು ಚಮಚದಲ್ಲಿ ಹೋಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಹಿಂದಿನ ಜಗಲಿಯಲ್ಲಿ ಅವರು ದರ್ಭೆ ಬಿಡಿಸುತ್ತಿದ್ದಾಗ ಎದುರಿಗೆ ಹೋಗಿ ನಿಂತು, ನಾಳೆ ಊಟಕ್ಕೆ ನವ್ಯಾ ಬರಲಿ ಎಂದಳು.

"ಅವಳದ್ದು ಬೇರೆ" ಅಂದರು ರಾಮದಾಸರು, ತಲೆಯೆತ್ತದೆ. "ನಾನು ಗೊತ್ತಿಲ್ಲದೆ ತಿಂದದ್ದು. ಅವಳು ಗೊತ್ತಿದ್ದೇ ತಿಂದಳು. ಭಟ್ರು ಕೇಳಿದ್ದೂ ಅದನ್ನೇ, ನೀನು ಕೇಳಲಿಲ್ವಾ?"

"ನಾನೂ ಗೊತ್ತಿದ್ದೇ ತಿಂದದ್ದು."

ಅವರ ಕೈ ನಿಂತಿತು.

"ಆ ಹುಡುಗಿ ಹೇಳಿದ ಮೇಲೂ ತಿಂದೆ. ನಿಮ್ಮ ಪಕ್ಕದಲ್ಲೇ ನಿಂತು ತಿಂದೆ. ರುಚಿ ಇತ್ತು, ತಿಂದೆ. ಬಂದ ಮೇಲೆ ಇಷ್ಟು ದಿನ ನೀವು ಉಂಡದ್ದು ಇದೇ ಕೈಯ ಅಡುಗೆ."

"ನನಗೆ ಯಾಕೆ ಹೇಳಲಿಲ್ಲ ನೀನು?" ಅವರ ಸ್ವರ ಕೇಳಿಸುವಷ್ಟಿತ್ತು, ಅಷ್ಟೇ.

"ನವ್ಯಾ ಹೇಳಿದ್ಲಲ್ಲ. ಅವಳಿಗೆ ಎಂತ ಸಿಕ್ಕಿತು?"

ಒಳಗಿಂದ ಎಲ್ಲ ಕೇಳಿಸಿಕೊಂಡ ವಿಠಲ ಭಟ್ಟರು ಬಾಗಿಲಿಗೆ ಬಂದರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವರಿಗೆ ಮೂವತ್ತು ವರ್ಷದ ಅನುಭವ. ಕೈಯಲ್ಲಿ ಒಂದು ದೊನ್ನೆ ಇತ್ತು. ಪಂಚಗವ್ಯ ಸ್ವಲ್ಪ ಉಳಿದಿದೆ ವಿಜಯಕ್ಕ, ನೀವೂ ತೆಗೆದುಕೊಂಡರೆ ಕಾರ್ಯಕ್ಕೆ ತೊಂದರೆ ಇಲ್ಲ ಎಂದು ಮೆಲ್ಲಗೆ ಹೇಳಿದರು. ವಿಜಯಾ ದೊನ್ನೆಯನ್ನು ನೋಡಿದಳು. ಕುಡಿದುಬಿಟ್ಟರೆ ಮುಗಿಯಿತು. ಆದರೆ ಕುಡಿದರೆ ಅವಳು ಗಂಡನ ಕಡೆ, ನವ್ಯಾ ಒಬ್ಬಳೇ ಆಚೆ ಕಡೆ.

"ಬೇಡ ಭಟ್ರೇ. ತಪ್ಪು ಮಾಡಿದೆ ಅಂತ ನನಗೆ ಅನ್ನಿಸಿದ ದಿವಸ ನಾನೇ ಕೇಳಿ ಕುಡೀತೇನೆ" ಅಂದಳು. ಆಮೇಲೆ ಗಂಡನ ಕಡೆ ತಿರುಗಿ, ನಾಳೆ ನಾನು ನಿಮ್ಮ ಪಕ್ಕ ನಿಲ್ಲುವುದು ಬೇಡವಾದರೆ ಈಗಲೇ ಹೇಳಿ, ಸಂಜೆಯ ಬಸ್ಸಿಗೆ ಹೋಗುತ್ತೇನೆ ಎಂದಳು.

ರಾಮದಾಸರು ದರ್ಭೆಯನ್ನು ಅಲ್ಲೇ ಬಿಟ್ಟು, ಅಂಗಿ ಹಾಕಿಕೊಂಡು ಹೊರಗೆ ಹೋದರು. ಎಲ್ಲಿಗೆ ಎಂದು ಹೇಳಲಿಲ್ಲ. ವಿಜಯಾ ಜಗಲಿಯಿಂದ ಗೇಟಿಗೆ, ಗೇಟಿನಿಂದ ಬಾವಿಕಟ್ಟೆಗೆ ನಡೆದಳು. ಕಮಲಮ್ಮ ಕೊಟ್ಟ ಉದ್ದನ್ನು ಆರಿಸಲು ಕೂತು ಕಲ್ಲನ್ನು ಉಳಿಸಿ ಉದ್ದನ್ನು ಎಸೆದಳು. ನಾನು ಸಂಸಾರವನ್ನೇ ಒಡೆದೆನೋ ಏನೋ ಎಂದು ಹೆದರಿಕೆಯಾಯಿತು. ಹೆದರಿಕೆಯ ಹಿಂದೆಯೇ, ಒಡೆದರೆ ಒಡೆಯಲಿ ಎಂಬ ಹಟವೂ ಬಂತು. ಎರಡರ ನಡುವೆ ಅವಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ರಾಮದಾಸರು ಬಂದರು, ಕಾಲು ತೊಳೆದು ಜಪಕ್ಕೆ ಕೂತರು. ಹೋಗು ಎಂದೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಬೆಳಿಗ್ಗೆ ಕಾರ್ಯ ಶುರುವಾಗುವಾಗ ಮಾತ್ರ, ಪ್ರತಿವರ್ಷದ ಹಾಗೆಯೇ, ಎಳ್ಳು ಎಲ್ಲಿಟ್ಟಿದ್ದೀ ಎಂದು ಕೂಗಿ ಕರೆದರು. ವಿಜಯಾ ಒದ್ದೆ ಸೀರೆಯಲ್ಲಿ ಹೋಗಿ ಪಕ್ಕದಲ್ಲಿ ನಿಂತಳು, ಹೇಳಿದಾಗ ನೀರು ಬಿಟ್ಟಳು. ಭಟ್ಟರು ಮಂತ್ರ ಬಿಟ್ಟು ಬೇರೆ ಮಾತಾಡಲಿಲ್ಲ.

ಪಿಂಡಪ್ರದಾನ ಮುಗಿದು, ಬ್ರಾಹ್ಮಣರ ಊಟವಾಗಿ, ಮನೆಯವರಿಗೆ ಎಲೆ ಹಾಕುವ ಹೊತ್ತಿಗೆ ಗೇಟಿನ ಸದ್ದಾಯಿತು. ನವ್ಯಾ ಬಂದಿದ್ದಳು. ಕೋರ್ಟಿನ ಬಿಳಿ ಸೀರೆ, ಹೆಗಲಿಗೆ ಚೀಲ. ಅಪ್ಪ ನಿನ್ನೆ ಹಾಸ್ಟೆಲಿನ ಗೇಟಿನ ಹೊರಗೆ ಬಂದು ನಿಂತಿದ್ದರು, ನಾಳೆ ಅಜ್ಜನ ತಿಥಿ, ಬಾ ಎಂದಷ್ಟೇ ಹೇಳಿ ಹೋದರು ಎಂದು ಅಮ್ಮನ ಕಿವಿಯಲ್ಲಿ ಮಲಯಾಳದಲ್ಲಿ ಹೇಳಿದಳು. ಬೇರೇನೂ ಹೇಳಲಿಲ್ಲವೇ ಎಂದು ವಿಜಯಾ ಕೇಳಿದಳು. ಇಲ್ಲ, ನಾನು ಹ್ಞೂಂ ಅನ್ನುವ ಮೊದಲೇ ತಿರುಗಿ ನಡೆದರು ಅಂದಳು ನವ್ಯಾ.

ಕೂರುವಾಗ ಅವಳು ತಾನಾಗಿಯೇ ಸಾಲಿನ ಕೊನೆಯ ಎಲೆಗೆ, ಕಂಬದ ಆಚೆಗೆ ಹೋದಳು. ವಿಜಯಾ ತನ್ನ ಎಲೆ ಬಿಟ್ಟು ಆ ಕಡೆಯೇ ನೋಡಿದಳು. ಕರೆದದ್ದೇನೋ ಆಯಿತು, ಕರೆದು ದೂರ ಕೂರಿಸುವುದಾದರೆ ಹಾಸ್ಟೆಲಿನ ಮೆಸ್ಸೇ ವಾಸಿ. ಅನ್ನ, ತೊವ್ವೆ, ಪಲ್ಯ ಬಡಿಸಿದ ಕಮಲಮ್ಮ ಸಾರಿನ ಪಾತ್ರೆಯನ್ನು ಕಂಬದ ಹತ್ತಿರವಿಟ್ಟು, ವಡೆ ತರಲು ಒಳಗೆ ಹೋದರು. ರಾಮದಾಸರು ತೊವ್ವೆಯ ಅನ್ನ ಮುಗಿಸಿದರು. ಎಲೆಯ ಮೇಲೆ ಅನ್ನ ಬಾಚಿಕೊಂಡು ನಡುವೆ ಗುಳಿ ಮಾಡಿ ಕಾದರು. ಕಮಲಮ್ಮ ಬರಲಿಲ್ಲ.

"ನವ್ಯಾ" ಅಂದರು ರಾಮದಾಸರು. "ಸಾರು ಬಡಿಸು."

ಭಟ್ಟರು ತಮ್ಮ ಎಲೆಯನ್ನೇ ನೋಡುತ್ತಿದ್ದರು. ನವ್ಯಾ ಎಡಗೈ ಊರಿ ಎದ್ದಳು, ಕೈ ತೊಳೆದು ಬಂದಳು, ಪಾತ್ರೆಯನ್ನು ಎತ್ತಿಕೊಂಡು ಅಪ್ಪನ ಎಲೆಯ ಮುಂದೆ ಬಗ್ಗಿದಳು. ಸೌಟು ತುಂಬಿದವಳು ಸುರಿಯದೆ ಹಾಗೇ ಹಿಡಿದುಕೊಂಡಳು. ಅವಳಿಗೆ ಸುಮ್ಮನಿರಲು ಬರುವುದಿಲ್ಲ, ಅಂದೂ ಬರಲಿಲ್ಲ, ಇಂದೂ ಬರಲಿಲ್ಲ.

"ಅಪ್ಪಾ, ನಾನು ಪಂಚಗವ್ಯ ಕುಡಿದಿಲ್ಲ" ಅಂದಳು.

"ನಿನ್ನ ಅಮ್ಮನೂ ಕುಡಿದಿಲ್ಲ" ಅಂದರು ರಾಮದಾಸರು. "ಬಡಿಸು, ಅನ್ನ ಆರ್ತಾ ಉಂಟು."